ಹೂಂ ಅಂದೋರು ಯಾರು?

ಈಮೇಲ್‌ನಲ್ಲಿ ನ್ಯೂಸ್‌ಲೆಟರ್ ಕಳಿಸೋ ಯಾವ ಕಂಪನಿಯೇ ಆಗಲಿ, ಒಂದಲ್ಲ ಒಂದು ದಿನ ಅಲ್ಲಿ ಈ ಜಗಳ ಬಂದೇ ಬರುತ್ತೆ. ಯಾರೋ ಒಬ್ಬರು ಖಾಲಿ ಜಾಗದಲ್ಲಿ ಒಂದು ಈಮೇಲ್ ವಿಳಾಸ ತುಂಬಿ ಬಟನ್ ಒತ್ತಿದರು. ಅವರನ್ನ ತಕ್ಷಣ ಪಟ್ಟಿಗೆ ಸೇರಿಸಿಕೊಳ್ಳೋದಾ? ಅಥವಾ "ಕೇಳಿದ್ದು ನೀವೇನಾ? ಹೌದಾದರೆ ಈ ಲಿಂಕ್ ಒತ್ತಿ" ಅಂತ ಆ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ಅವರು ಒತ್ತಿದ ಮೇಲೆ ಸೇರಿಸಿಕೊಳ್ಳೋದಾ? ಮೊದಲನೆಯದನ್ನ ಸಿಂಗಲ್ ಆಪ್ಟ್-ಇನ್ ಅಂತಾರೆ, ಎರಡನೆಯದನ್ನ ಡಬಲ್ ಆಪ್ಟ್-ಇನ್.

ಕೋಡ್ ಬರೆಯೋನಿಗೆ ಇದು ದೊಡ್ಡ ಕೆಲಸ ಏನಲ್ಲ. ಡೇಟಾಬೇಸ್‌ನಲ್ಲಿ ಒಂದು ಕಾಲಮ್ ಜಾಸ್ತಿ, ಯಾರೂ ಊಹಿಸೋಕಾಗದ ಹಾಗೆ ಒಂದು ಉದ್ದದ ಟೋಕನ್, ಅದಕ್ಕೊಂದು ವಾಯಿದೆ, ಒಂದು ಮೇಲ್. ಅಷ್ಟೆ. ಆದರೆ ಮೀಟಿಂಗ್‌ನಲ್ಲಿ ಇದರ ಮೇಲೆ ಗಂಟೆಗಟ್ಟಲೆ ಮಾತು ನಡೆಯುತ್ತೆ. ಯಾಕೆ ಅಂದ್ರೆ ಇದು ತಂತ್ರಜ್ಞಾನದ ಪ್ರಶ್ನೆಯೇ ಅಲ್ಲ. ಒಬ್ಬ ಮನುಷ್ಯ ಒಪ್ಪಿದ ಅಂತ ನಾವು ಯಾವಾಗ ಹೇಳಬಹುದು ಅನ್ನೋ ಪ್ರಶ್ನೆ. ಕೋರ್ಟು, ಮದುವೆ, ಆಸ್ಪತ್ರೆ, ಬ್ಯಾಂಕು ಎಲ್ಲ ಕಡೆ ಇರೋ ಪ್ರಶ್ನೆ ನಮ್ಮ ಮುಂದೆ ಸಣ್ಣ ವೇಷ ಹಾಕ್ಕೊಂಡು ಬಂದಿರುತ್ತೆ.

ಮೊದಲು ಸಿಂಗಲ್ ಪರ ಇರೋರ ವಾದ ನ್ಯಾಯವಾಗಿ ಹೇಳಿಬಿಡ್ತೀನಿ. ಅವರು ಕೆಟ್ಟವರೇನಲ್ಲ, ಅವರ ಮಾತಲ್ಲಿ ಹುರುಳೂ ಇದೆ. ಲೆಕ್ಕಕ್ಕೆ ನೂರು ಜನ ಹೆಸರು ಕೊಟ್ಟರು ಅಂತಿಟ್ಕೊಳ್ಳಿ. ಎರಡನೇ ಸಲ ಕೇಳಿದಾಗ ಎಪ್ಪತ್ತು ಜನ ಮಾತ್ರ ಲಿಂಕ್ ಒತ್ತಿದರು. ಉಳಿದ ಮೂವತ್ತು ಜನ ಎಲ್ಲಿ ಹೋದರು? ಕೆಲವರ ಮೇಲ್ ಸ್ಪ್ಯಾಮ್ ಡಬ್ಬಕ್ಕೆ ಬಿದ್ದಿರುತ್ತೆ. ಕೆಲವರು ಆಮೇಲೆ ನೋಡೋಣ ಅಂತ ಬಿಟ್ಟು ಮರೆತಿರ್ತಾರೆ. ಕೆಲವರಿಗೆ ಆ ಮೇಲ್ ಯಾಕೆ ಬಂತು ಅಂತಲೇ ಅರ್ಥ ಆಗಿರಲ್ಲ. ಇವರಲ್ಲಿ ಬಹಳ ಜನ ನಿಜವಾಗ್ಲೂ ಬೇಕು ಅಂತಲೇ ಕೇಳಿದವರು. ಅವರನ್ನ ಹೊರಗೆ ನಿಲ್ಲಿಸೋದು ಅವರ ಮಾತಿಗೆ ಕೊಡೋ ಮರ್ಯಾದೆನಾ? ಹೋಟೆಲಲ್ಲಿ ಮಸಾಲೆ ದೋಸೆ ಅಂದವನ ಹತ್ರ ಮಾಣಿ ಅಡುಗೆಮನೆ ತನಕ ಹೋಗಿ ವಾಪಸ್ ಬಂದು "ಸಾರ್, ನಿಜವಾಗ್ಲೂ ದೋಸೆನಾ?" ಅಂತ ಕೇಳ್ತಾನಾ? ಹೇಳಿದ ಮಾತನ್ನ ನಂಬಬೇಕು, ಎರಡೆರಡು ಸಲ ಕೇಳೋದು ಅವಮಾನ ಅನ್ನೋದು ಅವರ ವಾದ.

ಈ ವಾದಕ್ಕೆ ಬಲವೂ ಇದೆ. ಈಮೇಲ್ ಕಳಿಸೋ ಸೇವೆಗಳಲ್ಲಿ ದೊಡ್ಡ ಹೆಸರಾದ ಮೇಲ್‌ಚಿಂಪ್ ವರ್ಷಗಟ್ಟಲೆ ಡಬಲ್ ಆಪ್ಟ್-ಇನ್ ಅನ್ನೇ ಮಾಮೂಲು ಕ್ರಮ ಮಾಡಿಕೊಂಡಿತ್ತು. 2017ರ ಅಕ್ಟೋಬರ್‌ನಲ್ಲಿ ಇನ್ಮೇಲೆ ಸಿಂಗಲ್ಲೇ ಮಾಮೂಲು ಅಂತ ಘೋಷಿಸಿತು. ಗಲಾಟೆ ಆಯ್ತು. ಕೊನೆಗೆ ಯುರೋಪಿನ ಗ್ರಾಹಕರಿಗೆ ಮಾತ್ರ ಡಬಲ್ ಉಳಿಸಿಕೊಂಡು ಮಿಕ್ಕವರಿಗೆ ಬದಲಾಯಿಸಿತು. ಒಂದೇ ಕಂಪನಿ, ಒಂದೇ ಬಟನ್. ಸಮುದ್ರದ ಈ ಕಡೆ ಇರೋನ ಒಂದು ಹೂಂ ಸಾಕು, ಆ ಕಡೆ ಇರೋನದು ಎರಡು ಬೇಕು.

ನಾನು ತಿಪಟೂರು ಕಡೆ ಹಳ್ಳಿಯಲ್ಲಿ ಬೆಳೆದವನು. "ನಮ್ಮ ಹಳ್ಳಿ ಕಡೆ ಮಾತು ಅಂದ್ರೆ ಮಾತು, ಎರಡನೇ ಸಲ ಕೇಳೋ ಹಂಗೇ ಇಲ್ಲ" ಅಂತ ನಾವು ಹಳ್ಳಿಯವರು ಬೆಂಗಳೂರಲ್ಲಿ ಕೂತು ಹೆಮ್ಮೆಯಿಂದ ಹೇಳ್ತೀವಿ. ಸ್ವಲ್ಪ ಯೋಚನೆ ಮಾಡಿದರೆ ಅದು ಪೂರ್ತಿ ನಿಜ ಅಲ್ಲ. ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸಿದ ಮೇಲೂ ಸಂಚಕಾರ ಕೈಗೆ ಬೀಳೋ ತನಕ ವ್ಯಾಪಾರ ಆಯ್ತು ಅಂತ ಯಾರೂ ಹಗ್ಗ ಬಿಚ್ಚಿ ಕೊಡಲ್ಲ. ಮದುವೆ ವಿಷಯದಲ್ಲೂ ಅಷ್ಟೇ. ಹುಡುಗಿ ನೋಡಿ ಒಪ್ಪಿಗೆ ಅಂದ ಮೇಲೆ ಮತ್ತೆ ನಾಲ್ಕು ಜನರ ಮುಂದೆ ನಿಶ್ಚಿತಾರ್ಥ ಆಗಬೇಕು. ಎರಡನೇ ಹೂಂ ನಮಗೆ ಹೊಸದೇನಲ್ಲ.

ಇದಕ್ಕಿಂತ ಒಳ್ಳೆ ಉದಾಹರಣೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದೆ. ಜಮೀನು ಮಾರೋನು ಕ್ರಯಪತ್ರಕ್ಕೆ ರುಜು ಹಾಕಿ ಆಗಿರುತ್ತೆ. ಸಾಕ್ಷಿಗಳ ರುಜುವೂ ಆಗಿರುತ್ತೆ. ಆದರೂ 1908ರ ನೋಂದಣಿ ಕಾಯ್ದೆ ಪ್ರಕಾರ ಅಧಿಕಾರಿ ಎರಡು ವಿಷಯ ವಿಚಾರಿಸಲೇಬೇಕು: ಈ ಪತ್ರ ಬರೆದುಕೊಟ್ಟಿದ್ದು ನಿಜಾನಾ, ಬರೆದುಕೊಟ್ಟವರು ಇವರೇನಾ. ಗಮನಿಸಿ, ಆತ "ಯಾಕಪ್ಪ ಮಾರ್ತಿದೀಯ, ರೇಟು ಗಿಟ್ಟಿತಾ, ಮಕ್ಕಳಿಗೆ ಏನು ಉಳಿಸ್ತೀಯ" ಅಂತ ಕೇಳಲ್ಲ. ಅದು ಅವನ ಕೆಲಸ ಅಲ್ಲ. ಮಾರೋನ ಬುದ್ಧಿ ಮೇಲೆ ಅನುಮಾನ ಪಟ್ಟು ಕೇಳೋ ಪ್ರಶ್ನೆ ಅಲ್ಲ ಅದು. ರುಜು ಹಾಕಿದ ಕೈ ಯಾರದ್ದು ಅಂತ ತಿಳಿಯೋಕೆ ಕೇಳೋ ಪ್ರಶ್ನೆ.

ಡಬಲ್ ಆಪ್ಟ್-ಇನ್ ಬಗ್ಗೆ ಇರೋ ಗೊಂದಲ ಅರ್ಧಕ್ಕರ್ಧ ಇಲ್ಲೇ ಬಗೆಹರಿಯುತ್ತೆ ಅಂತ ನನಗನ್ಸುತ್ತೆ. ಒಪ್ಪಿಗೆ ಅನ್ನೋದರಲ್ಲಿ ಎರಡು ಭಾಗ ಇದೆ. ಏನಂದರು ಅನ್ನೋದು ಒಂದು, ಯಾರಂದರು ಅನ್ನೋದು ಇನ್ನೊಂದು. ಮುಖಾಮುಖಿ ಮಾತಾಡುವಾಗ ಎರಡನೇ ಭಾಗ ನಮಗೆ ಪುಕ್ಕಟೆ ಸಿಗುತ್ತೆ. ಅದಕ್ಕೇ ಅದೊಂದು ಭಾಗ ಇದೆ ಅನ್ನೋದೇ ಮರೆತು ಹೋಗುತ್ತೆ. ಹೋಟೆಲ್ ಮಾಣಿ ಎರಡನೇ ಸಲ ಕೇಳಲ್ಲ, ಯಾಕೆ ಅಂದ್ರೆ ದೋಸೆ ಅಂದವನು ಅದೇ ಟೇಬಲ್ಲಲ್ಲಿ ಕಣ್ಣೆದುರಿಗೇ ಕೂತಿದ್ದಾನೆ. ಈಮೇಲ್ ಫಾರ್ಮ್‌ನಲ್ಲಿ ಹಾಗಲ್ಲ. ಇಲ್ಲಿ ಕೂತು ದೋಸೆ ಅಂತ ಹೇಳಿ, ಅದನ್ನ ಇನ್ಯಾವುದೋ ಟೇಬಲ್ಲಿಗೆ ಕಳಿಸಬಹುದು. ಆ ಟೇಬಲ್ಲಿನವರು ಏನೂ ಕೇಳಿರಲ್ಲ.

ಇದು ಬರೀ ಊಹೆ ಅಲ್ಲ. ನನ್ನದು ನಮ್ಮ ಕಡೆ ಬೀದಿಗೊಬ್ಬರಿಗೆ ಇರೋ ಹೆಸರು. ಜೀಮೇಲ್ ವಿಳಾಸದಲ್ಲಿ ನಡುವೆ ಹಾಕೋ ಚುಕ್ಕಿಗೆ ಬೆಲೆ ಇಲ್ಲ. ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇದು ಗೊತ್ತಿಲ್ಲದ ನನ್ನ ಹೆಸರಿನವರೇ ಯಾರೋ ಒಬ್ಬರು ಚುಕ್ಕಿ ಸೇರಿಸಿದ ನನ್ನ ವಿಳಾಸವನ್ನ ತಮ್ಮದು ಅಂತ ಎಲ್ಲ ಕಡೆ ಕೊಟ್ಟಿದ್ದಾರೆ. ಅವರ ಮಗುವಿನ ಸ್ಕೂಲ್ ಫೀಸಿನ ನೆನಪೋಲೆ ನನಗೆ ಬರುತ್ತೆ. ಅವರ ಸಾಲದ ಕಂತಿನ ಎಚ್ಚರಿಕೆ ನನಗೆ ಬರುತ್ತೆ. ಒಂದು ದಿನ ಒಂದು ಲ್ಯಾಬಿನಿಂದ ಅವರ ರಕ್ತ ಪರೀಕ್ಷೆ ರಿಪೋರ್ಟೂ ಬಂತು. ಶುಗರ್ ಏರಿತ್ತು. ಆ ಮೇಲ್‌ಗೆ ಉತ್ತರ ಬರೆಯೋ ಹಾಗಿಲ್ಲ, ನೋ-ರಿಪ್ಲೈ ವಿಳಾಸ. ಲ್ಯಾಬಿನ ನಂಬರ್ ಹುಡುಕಿ ಫೋನ್ ಮಾಡಿದೆ. ಆ ಕಡೆ ಹುಡುಗಿ, "ಪೇಷೆಂಟೇ ಕೊಟ್ಟಿರೋ ಮೇಲ್ ಐಡಿ ಸಾರ್ ಇದು, ನಾವಾಗಿ ಹಾಕಲ್ಲ" ಅಂದರು. ಅವರು ಹೇಳಿದ್ದೂ ನಿಜಾನೇ. ಪೇಷೆಂಟ್ ಹೂಂ ಅಂದಿದ್ದರು, ಮನಸಾರೆ ಅಂದಿದ್ದರು. ಆದರೆ ನನ್ನ ಮನೆ ಬಾಗಿಲು ತೋರಿಸಿ ಹೂಂ ಅಂದಿದ್ದರು.

ಇಲ್ಲಿ ನಷ್ಟ ಇಬ್ಬರಿಗೂ ಆಯ್ತು. ನಾನು ಓದಬಾರದ ಇನ್ನೊಬ್ಬರ ಆರೋಗ್ಯದ ವಿಷಯ ನಾನು ಓದಿದೆ. ಓದಬೇಕಾಗಿದ್ದ ಆ ಮನುಷ್ಯನಿಗೆ ಅದು ತಲುಪಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲನೇ ದಿನ "ಈ ವಿಳಾಸ ನಿಮ್ಮದೇನಾ?" ಅಂತ ಒಂದು ಮೇಲ್ ಕಳಿಸಿದ್ದರೆ ನಾನು ಲಿಂಕ್ ಒತ್ತುತ್ತಿರಲಿಲ್ಲ. ಅವರಿಗೆ ತಪ್ಪು ಆಗಲೇ ಗೊತ್ತಾಗ್ತಿತ್ತು.

ನ್ಯೂಸ್‌ಲೆಟರ್ ಅಂದ್ರೆ ಇಷ್ಟು ಗಂಭೀರ ಏನಲ್ಲ, ಬೇಡದಿದ್ದರೆ ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಮುಗೀತು ಅಂತ ನೀವು ಹೇಳಬಹುದು. ಒಂದು ಪತ್ರದ ಮಟ್ಟಿಗೆ ಸರಿ. ಆದರೆ 2016ರ ಆಗಸ್ಟ್‌ನಲ್ಲಿ ಏನಾಯ್ತು ನೋಡಿ. ಅಮೆರಿಕದ ಸರ್ಕಾರಿ ಈಮೇಲ್ ವಿಳಾಸಗಳನ್ನ ಯಾರೋ ಕಿಡಿಗೇಡಿಗಳು ಪ್ರೋಗ್ರಾಂ ಬರೆದು ಒಂದೇ ಸಮನೆ ಸಾವಿರಾರು ನ್ಯೂಸ್‌ಲೆಟರ್ ಪಟ್ಟಿಗಳಿಗೆ ಸೇರಿಸಿಬಿಟ್ಟರು. ಇನ್‌ಬಾಕ್ಸ್ ತುಂಬಿ, ಬೇಕಾದ ಮೇಲ್ ಹುಡುಕೋಕೇ ಆಗದ ಹಾಗಾಯ್ತು. ಕಳಿಸಿದ ಕಂಪನಿಗಳು ಕಳ್ಳರಲ್ಲ, ಮರ್ಯಾದಸ್ಥ ಕಂಪನಿಗಳೇ. ಎರಡನೇ ಸಲ ಕೇಳದೆ ಸೇರಿಸಿಕೊಂಡಿದ್ದಷ್ಟೇ ಅವರು ಮಾಡಿದ್ದು. ಸ್ಪ್ಯಾಮ್ ತಡೆಯೋ ಕೆಲಸ ಮಾಡೋ ಸ್ಪ್ಯಾಮ್‌ಹೌಸ್ ಸಂಸ್ಥೆ ಅಂಥ ಪಟ್ಟಿಗಳನ್ನ ನಡೆಸೋರಿಗೆ ಬಿಸಿ ಮುಟ್ಟಿಸಿತು. ಬಾಗಿಲು ಹಾಕದ ಮನೆಯ ಕೊಡಲಿಯನ್ನ ಇನ್ನೊಬ್ಬ ಎತ್ತಿಕೊಂಡು ಹೋಗಿ ಪಕ್ಕದವರ ಮರ ಕಡಿದ ಹಾಗೆ. ಮರ ಕಡಿದವನು ಬೇರೆ, ಆದರೆ ಕೊಡಲಿ ಯಾರದ್ದು ಅಂತ ಊರು ಕೇಳೇ ಕೇಳುತ್ತೆ.

ಇನ್ನು ಆ "ಬೇಡದಿದ್ದರೆ ಒತ್ತಲಿ" ಅನ್ನೋ ಮಾತು. ಗೊತ್ತಿಲ್ಲದವರ ಮೇಲ್‌ನಲ್ಲಿರೋ ಲಿಂಕ್ ಒತ್ತಬೇಡಿ ಅಂತ ಬ್ಯಾಂಕಿನಿಂದ ಹಿಡಿದು ಪೊಲೀಸರ ತನಕ ಎಲ್ಲರೂ ಜನಕ್ಕೆ ಹೇಳ್ತಾ ಇದ್ದೀವಿ. ಅದೇ ಜನಕ್ಕೆ, ಕೇಳದೇ ಇದ್ದದ್ದು ಬಂದರೆ ಅದರಲ್ಲಿರೋ ಲಿಂಕ್ ಒತ್ತಿ ತಪ್ಪಿಸಿಕೊಳ್ಳಿ ಅಂತಲೂ ಹೇಳ್ತಾ ಇದ್ದೀವಿ. ಅವರು ಒತ್ತೋದು ಸ್ಪ್ಯಾಮ್ ಬಟನ್ನು. ಅದು ನ್ಯಾಯವೇ. 2024ರ ಫೆಬ್ರವರಿಯಿಂದ ಜೀಮೇಲ್, ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸೋರು ಒಂದೇ ಕ್ಲಿಕ್ಕಿಗೆ ಹೆಸರು ತೆಗೆಯೋ ವ್ಯವಸ್ಥೆ ಕೊಡಬೇಕು, ಸ್ಪ್ಯಾಮ್ ಅಂತ ಬರೋ ದೂರು ಶೇಕಡಾ 0.3 ಮುಟ್ಟಬಾರದು ಅಂತ ನಿಯಮ ಮಾಡಿದೆ. ಸಾವಿರಕ್ಕೆ ಮೂರು ಜನ ಸಿಟ್ಟಾದರೆ ನಮ್ಮ ಮೇಲ್ ಬೇಕು ಅಂದವರಿಗೂ ಸರಿಯಾಗಿ ತಲುಪಲ್ಲ.

ಆದರೆ ನನ್ನ ಮಟ್ಟಿಗೆ ಮುಖ್ಯ ಕಾರಣ ಈ ಲಾಭ-ನಷ್ಟ ಅಲ್ಲ. ಯಾವ ದಾರಿ ಹಿಡಿದರೂ ಕೆಲವು ಸಲ ತಪ್ಪು ಆಗೇ ಆಗುತ್ತೆ. ಆ ತಪ್ಪಿನ ಭಾರ ಯಾರು ಹೊರಬೇಕು ಅನ್ನೋದು ಪ್ರಶ್ನೆ. ಸಿಂಗಲ್‌ನಲ್ಲಿ ತಪ್ಪಾದರೆ ಭಾರ ಬೀಳೋದು ಬಾಯಿಯನ್ನೇ ಬಿಡದವನ ಮೇಲೆ. ಡಬಲ್‌ನಲ್ಲಿ ತಪ್ಪಾದರೆ ಭಾರ ಬೀಳೋದು ಕಳಿಸೋ ನಮ್ಮ ಮೇಲೆ, ಮತ್ತೆ ಸ್ವಲ್ಪ ಮಟ್ಟಿಗೆ ಕೇಳಿದವನ ಮೇಲೆ. ಲಾಭ ಬಯಸಿದವರು ನಾವು. ನಷ್ಟವೂ ನಮ್ಮ ಕಡೆಯೇ ಬೀಳಲಿ ಅನ್ನೋದು ನನಗೆ ಸರಿ ಅನ್ಸುತ್ತೆ.

ನಮ್ಮ ದೇಶದಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಒಂದು ಕಾಲದಲ್ಲಿ ಊರಲ್ಲಿ ಯಾರನ್ನ ಕೇಳಿದರೂ ಒಂದೇ ಗೋಳು: ಏನೂ ಮಾಡದೆ ಕರೆನ್ಸಿ ಕಟ್ ಆಯ್ತು. ಫೋನ್ ಬಂದಾಗ ಯಾವುದೋ ನಂಬರ್ ಒತ್ತಿದ್ದಕ್ಕೆ ಕಾಲರ್ ಟ್ಯೂನೋ, ಜ್ಯೋತಿಷ್ಯದ ಎಸ್ಸೆಮ್ಮೆಸ್ಸೋ ಶುರುವಾಗಿ ಮೂವತ್ತು ರೂಪಾಯಿ ಹೋಗಿರೋದು. ನಮ್ಮವ್ವನಂಥವರಿಗೆ ಆ ಮೂವತ್ತು ರೂಪಾಯಿ ತಿಂಗಳ ಕರೆನ್ಸಿ. ಕಂಪನಿ ಪ್ರಕಾರ ಅವರು ಬಟನ್ ಒತ್ತಿದ್ದಾರೆ, ಅಂದ್ರೆ ಒಪ್ಪಿದ್ದಾರೆ. 2013ರ ಜುಲೈನಲ್ಲಿ ಟ್ರಾಯ್, ಇಂಥ ಸೇವೆ ಶುರು ಮಾಡೋ ಮೊದಲು ಗ್ರಾಹಕರಿಂದ ಎರಡನೇ ಸಲ ಖಚಿತಪಡಿಸಿಕೊಳ್ಳಲೇಬೇಕು ಅಂತ ನಿರ್ದೇಶನ ಕೊಟ್ಟಿತು. ಡಬಲ್ ಆಪ್ಟ್-ಇನ್ ಅಂತ ಹೆಸರು ಗೊತ್ತಿಲ್ಲದ ಲಕ್ಷಾಂತರ ಹಳ್ಳಿ ಜನರಿಗೆ ಅದರ ಬೆಲೆ ಗೊತ್ತಾಗಿದ್ದು ಹಾಗೆ.

ಈಗ ನನ್ನ ವಾದಕ್ಕೆ ಇರೋ ಕಷ್ಟದ ಪ್ರಶ್ನೆಗೆ ಬರ್ತೀನಿ. ನಮ್ಮಪ್ಪನಿಗೂ ಒಂದು ಈಮೇಲ್ ವಿಳಾಸ ಇದೆ. ಫೋನ್ ತಗೊಂಡಾಗ ಮೊಬೈಲ್ ಅಂಗಡಿ ಹುಡುಗ ಮಾಡಿಕೊಟ್ಟಿದ್ದು. ಅದನ್ನ ತೆಗೆದು ನೋಡೋದು ಅಪ್ಪನಿಗೆ ಗೊತ್ತಿಲ್ಲ. ಕೊಬ್ಬರಿ ರೇಟಿನ ವಾರದ ಪತ್ರ ಮೇಲ್‌ನಲ್ಲಿ ಕಳಿಸ್ತೀವಿ ಅಂತ ಯಾರಾದರೂ ಮನೆ ಬಾಗಿಲಿಗೆ ಬಂದು ಕೇಳಿದರೆ ಅಪ್ಪ "ಹಾಕ್ಕೊಳಪ್ಪ ನಂದೂ" ಅಂತಾರೆ. ಆಮೇಲೆ ಬರೋ ಲಿಂಕ್ ಒತ್ತಲ್ಲ. ಹಾಗಾದರೆ ಎರಡನೇ ಸಲ ಕೇಳೋ ನಿಯಮ, ಓದು ಬಂದೋರಿಗೆ ಮಾತ್ರ ಒಳಗೆ ಬಿಡೋ ಬಾಗಿಲು ಆಗಲಿಲ್ವಾ? ಹೊರಗುಳಿಯೋ ಆ ಮೂವತ್ತು ಜನರಲ್ಲಿ ಅಪ್ಪನಂಥವರೇ ಜಾಸ್ತಿ ಇದ್ದರೆ?

ಈ ಪ್ರಶ್ನೆಯನ್ನ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಆದರೆ ಇದಕ್ಕೆ ಉತ್ತರ, ಕೇಳದೇ ಸೇರಿಸೋದಲ್ಲ. ಅವರು ಉತ್ತರ ಕೊಡೋಕಾಗೋ ಹಾಗೆ ಕೇಳೋದು. ಎರಡನೇ ಪ್ರಶ್ನೆ ಲಿಂಕ್ ರೂಪದಲ್ಲೇ ಇರಬೇಕು ಅಂತ ಯಾವ ಶಾಸ್ತ್ರವೂ ಹೇಳಿಲ್ಲ. ಮುಂದೆ ನಿಂತಿರೋ ಮನುಷ್ಯ ಯಾರು ಅಂತ ಆಗಲೇ ಗೊತ್ತಿದೆ. ಉಳಿದಿದ್ದು ವಿಳಾಸ ಸರಿ ಇದೆಯಾ ಅನ್ನೋದಷ್ಟೆ. ಅಲ್ಲೇ ಅವರ ಫೋನಿಗೆ ಒಂದು ಮೇಲ್ ಕಳಿಸಿ, ತೆಗೆದು ತೋರಿಸಿ, "ಇದು ಹೀಗೆ ಬರುತ್ತೆ ಯಜಮಾನರೇ" ಅಂತ ಹೇಳಿದರೆ ಎರಡೂ ಕೆಲಸ ಒಟ್ಟಿಗೆ ಆಯ್ತು. ತೆಗೆಯೋಕೇ ಬರದವರಿಗೆ ಮೇಲ್ ಕಳಿಸಿ ಪ್ರಯೋಜನ ಏನು? ಅವರಿಗೆ ಬೇಕಾಗಿರೋದು ಒಂದು ಫೋನ್ ಕರೆ. ಅಪ್ಪನನ್ನ ಪಟ್ಟಿಗೆ ಸೇರಿಸಿದರೆ ಹೆಚ್ಚೋದು ನಮ್ಮ ಸಂಖ್ಯೆ, ಅವರಿಗೆ ಕೊಬ್ಬರಿ ರೇಟು ತಿಳಿಯಲ್ಲ.

ಇನ್ನೊಂದು ತಮಾಷೆಯ ತೊಡಕು ಜರ್ಮನಿಯಿಂದ ಬಂತು. ಅಲ್ಲಿ ಡಬಲ್ ಆಪ್ಟ್-ಇನ್ ಹೆಚ್ಚುಕಮ್ಮಿ ರೂಢಿ. 2012ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನ ಮೇಲಿನ ಕೋರ್ಟು, "ನೀವೇನಾ?" ಅಂತ ಕೇಳೋ ಆ ಮೇಲ್ ಕೂಡ ಒಪ್ಪಿಗೆ ಇಲ್ಲದೆ ಬಂದ ಜಾಹೀರಾತೇ ಅಂತ ತೀರ್ಪು ಕೊಟ್ಟಿತು. ಅಲ್ಲಾ, ಬಾಗಿಲು ತಟ್ಟಬಹುದಾ ಅಂತ ಕೇಳೋಕೂ ಬಾಗಿಲು ತಟ್ಟಲೇಬೇಕಲ್ಲ! 2016ರಲ್ಲಿ ಡ್ಯುಸೆಲ್‌ಡಾರ್ಫ್ ಕೋರ್ಟು ಇದನ್ನ ಒಪ್ಪಲಿಲ್ಲ, ಕೇಳೋ ಮೇಲ್ ಜಾಹೀರಾತಲ್ಲ ಅಂತು. ನನಗೆ ಎರಡನೇ ತೀರ್ಪೇ ಸರಿ ಕಾಣುತ್ತೆ, ಆದರೆ ಮೊದಲನೆಯದು ಒಂದು ಪಾಠ ಹೇಳುತ್ತೆ. ಬಾಗಿಲು ತಟ್ಟೋನು ಒಂದೇ ಸಲ ತಟ್ಟಬೇಕು. ಕೇಳೋ ಮೇಲ್‌ನಲ್ಲಿ ಪ್ರಶ್ನೆ ಮಾತ್ರ ಇರಬೇಕು. "ಈ ವಾರ ಶೇಕಡಾ ಇಪ್ಪತ್ತು ರಿಯಾಯಿತಿ" ಅಂತ ಕೆಳಗೆ ಒಂದು ಸಾಲು ಸೇರಿಸಿದ ಕ್ಷಣ ಅದು ಪ್ರಶ್ನೆ ಅಲ್ಲ, ಬಾಗಿಲ ಸಂದೀಲಿ ಕಾಲಿಟ್ಟ ಹಾಗೆ.

ಉತ್ತರ ಬರದಿದ್ದರೆ? ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮಲ್ಲೊಂದು ಮಾತಿದೆ. ಎಷ್ಟೋ ಹೆಣ್ಣುಮಕ್ಕಳ ಮದುವೆ ಈ ಒಂದು ಮಾತಿನ ಮೇಲೆ ನಡೆದುಹೋಗಿದೆ. ತಲೆ ತಗ್ಗಿಸಿ ಕೂತಿದ್ದನ್ನೇ ಒಪ್ಪಿಗೆ ಅಂತ ದೊಡ್ಡವರು ಓದಿಕೊಂಡರು. 2018ರ ಮೇ 25ರಂದು ಜಾರಿಗೆ ಬಂದ ಯುರೋಪಿನ ಜಿಡಿಪಿಆರ್ ಕಾಯ್ದೆ ಇದಕ್ಕೆ ನೇರ ಉಲ್ಟಾ ಹೇಳುತ್ತೆ: ಮೌನ ಒಪ್ಪಿಗೆ ಅಲ್ಲ, ಮೊದಲೇ ಟಿಕ್ ಹಾಕಿಟ್ಟ ಡಬ್ಬಿಯೂ ಒಪ್ಪಿಗೆ ಅಲ್ಲ. 2019ರ ಅಕ್ಟೋಬರ್ 1ರಂದು ಯುರೋಪಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯೂ ಒಪ್ಪಿಗೆ ಅಂದ್ರೆ ಸ್ಪಷ್ಟವಾಗಿ ಏನಾದರೂ ಮಾಡಿ ತೋರಿಸಿದ್ದು ಇರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋ ಹಾಗಿರಬೇಕು ಅನ್ನುತ್ತೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮಾತ್ರ ಮೊದಲೇ ಒಪ್ಪಿಗೆ ಕೇಳು ಅನ್ನಲ್ಲ; ಬೇಡ ಅಂದ ಮೇಲೆ 10 ಕೆಲಸದ ದಿನದೊಳಗೆ ನಿಲ್ಲಿಸು ಅನ್ನುತ್ತೆ. ಇವು ಯಾವುವೂ ಡಬಲ್ ಆಪ್ಟ್-ಇನ್ ಮಾಡಲೇಬೇಕು ಅಂತ ಹೆಸರು ಹಿಡಿದು ಹೇಳಲ್ಲ. ಆ ಜಾಗವನ್ನ ಕಾನೂನು ನಮ್ಮ ಮನಸ್ಸಿಗೆ ಬಿಟ್ಟಿದೆ.

ಅಲ್ಲೇ ನನಗೊಂದು ಭಯವೂ ಇರೋದು. ಎರಡನೇ ಹೂಂ ಯಾರಿಗೋಸ್ಕರ? ನಮ್ಮ ಕಡೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋರು. ಅದೂ ಒಪ್ಪಿಗೆಯ ಗುರುತೇ. ಆದರೆ ಆ ಪತ್ರ ಇರ್ತಿದ್ದಿದ್ದು ಸಾಲ ಕೊಟ್ಟವನ ಪೆಟ್ಟಿಗೆಯಲ್ಲಿ. "ನೀನೇ ಒತ್ತಿದ್ದೀಯಲ್ಲೋ" ಅಂತ ಮುಂದೆ ಹಿಡಿಯೋಕೆ. ಒತ್ತಿದವನಿಗೆ ಏನು ಬರೆದಿದೆ ಅಂತಲೇ ಗೊತ್ತಿಲ್ಲ. ಇವತ್ತು ಎಷ್ಟೋ ಕಂಪನಿಗಳು ಡಬಲ್ ಆಪ್ಟ್-ಇನ್ ಇಟ್ಟುಕೊಳ್ಳೋದು ಇದೇ ಕಾರಣಕ್ಕೆ. ಒತ್ತಿದ ಗಂಟೆ, ನಿಮಿಷ, ಐಪಿ ಅಡ್ರೆಸ್ ಸಮೇತ ಬರೆದಿಟ್ಟುಕೊಂಡರೆ ನಾಳೆ ಕೋರ್ಟಿನಲ್ಲಿ ತೋರಿಸಬಹುದು. ಗ್ರಾಹಕನ ರಕ್ಷಣೆಗೆ ಅಂತ ಹುಟ್ಟಿದ ಪ್ರಶ್ನೆ ಕಂಪನಿಯ ಗುರಾಣಿ ಆಗುತ್ತೆ. ವಾರಕ್ಕೊಂದು ಪತ್ರ ಅಂತ ಹೇಳಿ ಹೂಂ ಅನ್ನಿಸಿಕೊಂಡು ದಿನಕ್ಕೆ ಮೂರು ಕಳಿಸಿ, "ಎರಡು ಸಲ ಒಪ್ಪಿದ್ದೀರಲ್ಲ" ಅಂದರೆ ಆ ಎರಡೂ ಹೂಂಗೆ ಬೆಲೆ ಏನು? ಎರಡು ಸಲ ಕೇಳಿದ ಮಾತ್ರಕ್ಕೆ ಯಾರೂ ಸಾಚಾ ಆಗಲ್ಲ. ಯಾರಂದರು ಅನ್ನೋದನ್ನ ಅದು ಬಗೆಹರಿಸುತ್ತೆ. ಯಾವುದಕ್ಕೆ ಅಂದರು ಅನ್ನೋದಕ್ಕೆ ನಾವು ನಿಯತ್ತಾಗಿ ನಡಕೊಳ್ಳಬೇಕು.

ಹಾಗಾದರೆ ಒಂದು ಕಂಪನಿ ಈ ಪ್ರಶ್ನೆ ಕೇಳ್ತಿರೋದು ಮರ್ಯಾದೆಗೋ, ಗುರಾಣಿಗೋ ಅಂತ ತಿಳಿಯೋದು ಹೇಗೆ? ನನಗೆ ಕಂಡಿರೋ ಒಂದು ಪರೀಕ್ಷೆ ಇದೆ. ಲಿಂಕ್ ಒತ್ತಿದವರನ್ನ ಹೇಗೆ ನಡೆಸಿಕೊಳ್ತಾರೆ ಅಂತ ನೋಡಬೇಡಿ. ಒತ್ತದೇ ಇದ್ದವರನ್ನ ಏನು ಮಾಡ್ತಾರೆ ನೋಡಿ. "ನೀವಿನ್ನೂ ಖಚಿತಪಡಿಸಿಲ್ಲ" ಅಂತ ಎರಡನೇ ದಿನ ಒಂದು ಮೇಲ್, ಐದನೇ ದಿನ ಇನ್ನೊಂದು, ಹತ್ತನೇ ದಿನ "ಕೊನೇ ಅವಕಾಶ" ಅಂತ ಮತ್ತೊಂದು ಬಂದರೆ, ಅವರಿಗೆ ಬೇಕಾಗಿದ್ದು ನಿಮ್ಮ ಉತ್ತರ ಅಲ್ಲ, ನಿಮ್ಮ ಹೂಂ ಮಾತ್ರ. ಒಂದು ಸಲ ಕೇಳಿ, ವಾಯಿದೆ ಮುಗಿದ ಮೇಲೆ ಆ ವಿಳಾಸವನ್ನ ಪೂರ್ತಿ ಅಳಿಸಿಹಾಕಿದರೆ ಅವರು ನಿಮ್ಮನ್ನ ನಿಜವಾಗ್ಲೂ ಕೇಳಿದ್ದಾರೆ ಅಂತ ಅರ್ಥ. ಇಲ್ಲ ಅನ್ನೋಕೆ ಜಾಗ ಇಲ್ಲದ ಕಡೆ ಹೌದು ಅನ್ನೋದಕ್ಕೂ ಅರ್ಥ ಇಲ್ಲ.

ಹೀಗಾಗಿ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದಾಗ ನಾನು ಹೇಳೋದು ಇಷ್ಟು. ಮನುಷ್ಯ ಎದುರಿಗೇ ಇದ್ದು ಅಲ್ಲೇ ಪರೀಕ್ಷಿಸಿದ್ದರೆ, ಅಥವಾ ವಿಳಾಸ ಅವರದ್ದೇ ಅಂತ ಮೊದಲೇ ಖಾತ್ರಿಯಾಗಿದ್ದರೆ, ಒಂದೇ ಹೂಂ ಸಾಕು. ಮತ್ತೆ ಕೇಳಿ ಕಾಡಬೇಡಿ. ಯಾರು ಅಂತ ಗೊತ್ತಿಲ್ಲದ ಕಡೆಯಿಂದ ಬಂದ ವಿಳಾಸಕ್ಕೆ ಒಂದೇ ಒಂದು ಸಲ, ಸಾದಾ ಕನ್ನಡದಲ್ಲಿ, ಯಾವ ಪತ್ರ, ವಾರಕ್ಕೆ ಎಷ್ಟು ಅಂತ ಹೇಳಿ ಕೇಳಿ. ಕೆಲವು ಆಫೀಸುಗಳ ಸೆಕ್ಯುರಿಟಿ ಸಾಫ್ಟ್‌ವೇರ್ ಮೇಲ್‌ನಲ್ಲಿರೋ ಲಿಂಕುಗಳನ್ನ ತಾನೇ ತೆಗೆದು ನೋಡುತ್ತೆ, ಅದಕ್ಕೆ ಲಿಂಕ್ ತೆರೆದ ಮೇಲೆ ಮನುಷ್ಯರೇ ಒತ್ತೋ ಹಾಗೆ ಇನ್ನೊಂದು ಬಟನ್ ಇಡಿ; ಯಂತ್ರದ ಹೂಂ ಅನ್ನ ಮನುಷ್ಯರ ಲೆಕ್ಕಕ್ಕೆ ಹಾಕಬೇಡಿ. ಉತ್ತರ ಬರದಿದ್ದರೆ ಅಳಿಸಿ. ಪಟ್ಟಿ ಚಿಕ್ಕದಾಗುತ್ತೆ, ಗ್ರಾಫ್ ಕೆಳಗೆ ಬಾಗುತ್ತೆ, ಮ್ಯಾನೇಜರ್ ಮುಖವೂ ಸ್ವಲ್ಪ ಬಾಡುತ್ತೆ. ಆದರೆ ಆ ಪಟ್ಟೀಲಿ ಇರೋ ಪ್ರತಿ ಹೆಸರಿನ ಹಿಂದೆಯೂ "ಹೌದು, ನಾನೇ" ಅಂದ ಒಬ್ಬ ಮನುಷ್ಯ ಇರ್ತಾನೆ. ನಾವು ಬರೆಯೋ ಪತ್ರ ಅಂಥವನಿಗೆ ತಾನೇ?